ಮಧ್ಯದ ಗೆರೆಯ ಹತ್ತಿರ ಒಂದು ಕುರ್ಚಿ

ಚೈತ್ರಾ, ಕಿರಣಾ,

ಚನ್ನಗಿರಿಗೆ ಬಂದ ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದೆ. ಎದುರಿನ ಶಾಲೆಯ ಮೈದಾನದಲ್ಲಿ ಒಬ್ಬ ಹುಡುಗಿ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು, ಎದೆಗೆ ದಿಂಬಿನಂಥದ್ದನ್ನು ಬಿಗಿದುಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದಳು. ಅವಳ ಮುಂದೆ ಇನ್ನೊಬ್ಬಳು ದೊಣ್ಣೆ ಎತ್ತಿ ನಿಂತಿದ್ದಳು. ದೂರದಿಂದ ಮೂರನೆಯವಳು ಏನನ್ನೋ ಬೀಸಿ ಎಸೆದಳು. ದೊಣ್ಣೆಯವಳು ಅದಕ್ಕೆ ಫಟಾರನೆ ಹೊಡೆದು, ದೊಣ್ಣೆಯನ್ನು ಅಲ್ಲೇ ಬಿಸಾಡಿ, ಹಿಂದೆ ಹೋರಿ ಬಿದ್ದವರ ಹಾಗೆ ಓಡಿದಳು. ಹುಡುಗಿಯರು ಹೊಡೆದಾಡುತ್ತಿದ್ದಾರೆ ಎಂದು ಹೆದರಿದೆ. ಬಿಡಿಸುವವರು ಯಾರಾದರೂ ಇದ್ದಾರೆಯೇ ಎಂದು ನೋಡಿದರೆ, ಪಕ್ಕದಲ್ಲಿ ನಿಂತು ಸೀಟಿ ಊದಿ "ಓಡು, ಓಡು!" ಎಂದು ಕೂಗುತ್ತಿದ್ದವಳು ನನ್ನ ಮಗಳೇ. ನಿಮ್ಮ ಶೈಲಾ ಅತ್ತೆ.

ಮನೆಯೊಡತಿ ಗಿರಿಜಮ್ಮ ಮೇಲಿನಿಂದ ಬಗ್ಗಿ ನಕ್ಕರು. "ಹೆದರ್ಕೋಬ್ಯಾಡ್ರಿ. ಅದು ಬೇಸ್‌ಬಾಲ್ ಅಂತೆ. ಅದನ್ನ ಕಲಿಸಾಕೇ ಅಲ್ವಾ ನಿಮ್ಮ ಮಗಳು ಈ ಊರಿಗೆ ಬಂದಿರೋದು?"

ನಿಮ್ಮ ಅಜ್ಜ ರೇಡಿಯೋಕ್ಕೆ ಕಿವಿ ಹಚ್ಚಿ ಕ್ರಿಕೆಟ್ ಕೇಳುತ್ತಿದ್ದರು. ನನಗೆ ಗೊತ್ತಿದ್ದ ಆಟ ಅದೊಂದೇ, ಅದೂ ಅರ್ಧ. ಕ್ರಿಕೆಟ್ಟಿನಲ್ಲಿ ಬ್ಯಾಟು ಹಿಡಿದುಕೊಂಡೇ ಓಡುತ್ತಾರೆ. ಇಲ್ಲಿ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ರೊಟ್ಟಿ ಹಂಚನ್ನೂ ಬಿಡದೆ ಬಸ್ಸಿಗೆ ಹೇರಿಕೊಂಡು ಬಂದ ನನಗೆ ಇದು ವಿಚಿತ್ರವಾಗಿ ಕಂಡಿತು.

ಜಗಳೂರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಜಿಲ್ಲೆ ಒಂದೇ, ಆದರೆ ನನಗೆ ಪರದೇಶವೇ. ನಮ್ಮಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು, ಗಾಳಿ, ಈರುಳ್ಳಿ, ಮೆಕ್ಕೆಜೋಳ. ಇಲ್ಲಿ ಎಲ್ಲಿ ನೋಡಿದರೂ ಅಡಿಕೆ. ಗಿರಿಜಮ್ಮನ ಯಜಮಾನರು ಖೇಣಿದಾರರು. ಕಾಯಿ ಮರದಲ್ಲಿರುವಾಗಲೇ ಇಡೀ ತೋಟದ ಫಸಲನ್ನು ಬೆಲೆ ಮಾತಾಡಿ ಖರೀದಿಸುವುದಕ್ಕೆ ಇಲ್ಲಿ ಖೇಣಿ ಎನ್ನುತ್ತಾರೆ. ಬಾಡಿಗೆಗೆ ಮನೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ಮಾಳಿಗೆ ಅಡಿಕೆಗೆ ಮೀಸಲು. ಸಂಡಿಗೆ ಒಣಗಿಸಲು ನನಗೆ ಒಂದು ಮೂಲೆಯೂ ಇರಲಿಲ್ಲ. ಇಲ್ಲಿನವರಿಗೆ ಊಟಕ್ಕೆ ಅನ್ನ, ಮುದ್ದೆ; ನಾನು ರೊಟ್ಟಿ ಬಡಿಯುವ ಸದ್ದಿಗೆ ಮೊದಲ ವಾರ ಗಿರಿಜಮ್ಮ ಎರಡು ಸಲ ಕೆಳಗಿಳಿದು ಬಂದರು. ಈಗ ಬರುವುದು ರೊಟ್ಟಿಗೆ.

ಆದರೂ ಹಗಲು ಉದ್ದ. ಶೈಲಾ ಶಾಲೆಗೆ ಹೋದರೆ ಮಾತಿಗೆ ಜನವಿಲ್ಲ. ನಿಮಗೇ ಗೊತ್ತು, ನಾಲ್ಕು ಜನ ನೋಡಿದರೆ ಸೆರಗು ಎಳೆದುಕೊಂಡು ಒಳಗೆ ಸರಿಯುವವಳು ನಾನು. ಯುಗಾದಿಗೆ ಊರಿಗೆ ಮರಳುತ್ತೇನೆ, ಮತ್ತೆ ಬರುವುದಿಲ್ಲ ಎಂದು ಅವಳಿಗೆ ಹೇಳಿಬಿಟ್ಟಿದ್ದೆ. ಅವಳು ಲೈಬ್ರರಿಯಿಂದ ಕಾದಂಬರಿ ತಂದು ಕೊಡುತ್ತಿದ್ದಳು. ನಾನು ಕೊನೆಯ ಪುಟವನ್ನು ಮೊದಲು ಓದಿ, ಯಾರೂ ಸಾಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಅದಕ್ಕೆ ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ಶೈಲಾ ಇಲ್ಲಿನ ವಾರಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಾಳೆ. ಬೇಸ್‌ಬಾಲ್, ಫುಟ್‌ಬಾಲ್, ಓದಿದ ಪುಸ್ತಕ, ನೋಡಿದ ನಾಟಕ, ಎಲ್ಲವೂ ಅದರಲ್ಲಿ ಬರುತ್ತವೆ. ಬೇಸ್‌ಬಾಲಿನಲ್ಲಿ ಓಡಿ ಬಂದು ನೆಲದ ಮೇಲೆ ಜಾರಿಕೊಂಡು ಗಡಿ ಮುಟ್ಟುವುದು ಹೇಗೆಂದು ಹುಡುಗಿಯರಿಗೆ ತೋರಿಸಲು ಹೋಗಿ ಅವಳು ಬಲಗೈ ಮುರಿದುಕೊಂಡಳು. ಅವಳು ಹೇಳುವುದು, ನಾನು ಬರೆಯುವುದು ಎಂದಾಯಿತು. ನನ್ನ ಅಕ್ಷರ ಗುಂಡಗಿದೆ ಎಂದು ಸಂಪಾದಕರು ಮೆಚ್ಚಿದರಂತೆ. ಆದರೆ ಅವರ ಕಣ್ಣು ಪತ್ರಿಕೆಯಲ್ಲಿ ಅಂಕಣ ಬರುವ ಜಾಗದ ಮೇಲಿತ್ತು. ಒಂದು ವಾರ ಅಂಕಣ ತಪ್ಪಿದರೂ ಅಲ್ಲಿ ಅಡಿಕೆ ಧಾರಣೆ ಹಾಕುವುದಾಗಿ ಮೊದಲೇ ಹೇಳಿದ್ದರು. ಒಮ್ಮೆ ಹೋದ ಜಾಗ ಮತ್ತೆ ಸಿಕ್ಕುವುದಿಲ್ಲ ಎಂದು ಶೈಲಾಗೆ ಭಯ. ಆ ಅಂಕಣವೆಂದರೆ ಅವಳಿಗೆ ಅಷ್ಟು ಜೀವ.

ಹಾಗಿರುವಾಗ ಅವಳು ಬೇಸ್‌ಬಾಲ್ ತಂಡದ ಜೊತೆ ದಾವಣಗೆರೆಗೆ ಹೋಗಬೇಕಾಯಿತು. ಅದೇ ದಿನ ನಮ್ಮೆದುರಿನ ಮೈದಾನದಲ್ಲಿ ಹೊನ್ನಾಳಿ ಮತ್ತು ನ್ಯಾಮತಿ ಹುಡುಗಿಯರ ಫುಟ್‌ಬಾಲ್ ಫೈನಲ್.

"ಅವ್ವಾ, ನೋಡಿದ್ದನ್ನ ಬರದು ಕಳ್ಸು, ಸಾಕು" ಎಂದಳು.

"ನನ್ ಕೈಲಿ ಆಗಲ್ಲ ಕಣೇ. ಅಷ್ಟು ಜನದ ನಡುವೆ ಹೆಂಗೆ ಕೂರಲಿ?"

"ಹಂಗಾದ್ರೆ ಬಿಡು. ಜನ ಅಡಿಕೆ ರೇಟು ಓದ್ಕೊಳ್ಲಿ."

ಸಿಟ್ಟು ಬಂದು ಒಪ್ಪಿಕೊಂಡೆ. ಗಿರಿಜಮ್ಮನನ್ನು ಜೊತೆಗೆ ಕರೆದುಕೊಂಡು ಕುರ್ಚಿ ಹಾಕಿಸಿಕೊಂಡು ಕುಳಿತೆ. ಆಟ ಚೆನ್ನಾಗಿತ್ತು. ಕೊನೆಯ ಗಳಿಗೆಯಲ್ಲಿ ಒಂದು ಚೆಂಡು ಹೊನ್ನಾಳಿಯ ಗೋಲ್‌ಕೀಪರ್ ಹುಡುಗಿಯ ಕಾಲ ಸಂದಿಯಿಂದ ನುಸುಳಿ ಹೋಯಿತು. ಎಲ್ಲರೂ ಕುಣಿದಾಡುತ್ತಿರುವಾಗ ಆ ಮಗು ಗೋಲಿನ ಕಂಬ ತಬ್ಬಿಕೊಂಡು ಅಳುತ್ತಿತ್ತು. ನಾನು ಹೇಗೆ ಎದ್ದೆನೋ ಕಾಣೆ. ಅಷ್ಟು ಜನರೆದುರು ಮೈದಾನ ದಾಟಿ ಹೋಗಿ ಅವಳಿಗೆ ನೀರು ಕುಡಿಸಿ, ಬಿಚ್ಚಿಹೋಗಿದ್ದ ಜಡೆ ಹೆಣೆದೆ. ಅಷ್ಟರಲ್ಲಿ ನ್ಯಾಮತಿಯ ಹುಡುಗಿಯರೂ ಬಂದು ಅವಳ ಪಕ್ಕ ಕುಳಿತರು.

ಮನೆಗೆ ಬಂದು ಬರೆದೆ. ಬಿಸಿಲು, ಧೂಳು, ಓಟ, ಜಡೆ, ಆಮೇಲೆ ಎಲ್ಲರೂ ಸೇರಿ ತಿಂದ ಮಂಡಕ್ಕಿ. ಅಡಿಕೆ ಧಾರಣೆಯ ಗಡಿಬಿಡಿಯಲ್ಲಿದ್ದ ಸಂಪಾದಕರು ಓದದೆಯೇ ಅಚ್ಚಿಗೆ ಕಳಿಸಿದರು.

ಪತ್ರಿಕೆ ಬಂದ ಬೆಳಿಗ್ಗೆ ಗಿರಿಜಮ್ಮನ ಯಜಮಾನರು ಮೆಟ್ಟಿಲ ಮೇಲೆ ನಿಂತೇ ಕೇಳಿದರು: "ಅಮ್ಮಾರೇ, ಎಲ್ಲಾ ಬರ್ದೀರಿ, ಗೆದ್ದೋರು ಯಾರು? ನಮ್ಮನೆಯಾಕೆನ ಕೇಳಿದ್ರೆ ಗೋಲು ಎಣಿಸ್ಲಿಲ್ಲ ಅಂತಾಳೆ." ಹಾಲಿನವನೂ ಕೇಳಿದ. ಹೋಟೆಲಿನಲ್ಲಿ ಎರಡು ಪಕ್ಷವಾಗಿ ವಾದ ನಡೆದಿದೆಯಂತೆ. ನಾನು ಎಲ್ಲಿಯೂ ಗೋಲಿನ ಲೆಕ್ಕ ಬರೆದಿರಲೇ ಇಲ್ಲ! ನಮ್ಮ ಕಡೆ ಹಾಗೆಯೇ ಅಲ್ಲವೇ? ಬೇರೆಯವರ ಮನೆಯ ಹೆಣ್ಣುಮಗಳು ಎಡವಿದ್ದನ್ನು ನೋಡಿ ಬಂದರೂ ಬೀದಿಯಲ್ಲಿ ಹೇಳುವುದಿಲ್ಲ.

ಸಂಪಾದಕರ ಫೋನು ಬಂತು. "ಏನ್ರೀ ಅಮ್ಮಾ ಇದು? ಬೆಳಿಗ್ಗೆಯಿಂದ ಫೋನ್ ಕೆಳಗಿಡಾಕೆ ಬಿಡ್ತಿಲ್ಲ ಜನ!"

ಮಗಳ ಅಂಕಣ ನನ್ನಿಂದಲೇ ಹೋಯಿತು ಎಂದುಕೊಂಡೆ. "ಸೋತ ಮಗೀನ ಮನ್ಯಾಗೂ ಪೇಪರ್ ಓದ್ತಾರಲ್ರೀ, ಅದಕ್ಕೆ..." ಎಂದೆ.

ಅವರು ಜೋರಾಗಿ ನಕ್ಕರು. "ನಮ್ ಪೇಪರ್‌ನ ಇಷ್ಟು ಜನ ಓದ್ತಾರೆ ಅಂತ ನನಗೇ ಗೊತ್ತಿರ್ಲಿಲ್ಲ. ಧಾರಣೆ ಕೆಳಗಡೆ ಹಾಕ್ಕೊಂತೀನಿ, ಆ ಜಾಗ ನಿಮ್ಮದೇ. ಒಂದು ವಾರ ಮಗಳು, ಒಂದು ವಾರ ನೀವು ಬರೀರಿ. ಆದ್ರೆ ಸ್ಕೋರ್ ಮಾತ್ರ ಹಾಕ್ರಿ ತಾಯಿ!"

ದಾವಣಗೆರೆಯಿಂದ ಬಂದ ಶೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೊನೇ ಪುಟ ಮೊದ್ಲು ಓದೋಳೂ ನೀನೇ, ಊರಿಗೆಲ್ಲ ಕೊನೇ ಪುಟ ಹರಿದು ಕೊಟ್ಟೋಳೂ ನೀನೇ!"

ಯುಗಾದಿಗೆ ಊರಿಗೆ ಬಂದು ಮತ್ತೆ ಇಲ್ಲಿಗೆ ಹೊರಟು ನಿಂತಾಗ, "ಅಜ್ಜಿ, ನೀನೀಗ ಯಾವೂರೋಳು?" ಎಂದು ಕಿರಣ ಕೇಳಿದ್ದ. ಆಗ ಅವನ ಕೈಗೆ ಹೋಳಿಗೆ ಕೊಟ್ಟು ಮಾತು ಮರೆಸಿದ್ದೆ. ಈಗ ಹೇಳಲು ನೋಡುತ್ತೇನೆ.

ಕಳೆದ ವಾರ ಜಗಳೂರು ತಂಡ ಚನ್ನಗಿರಿಗೆ ಫುಟ್‌ಬಾಲ್ ಆಡಲು ಬಂದಿತ್ತಲ್ಲ, ಚೈತ್ರಾ ಅದರಲ್ಲಿದ್ದಳಲ್ಲ, ಆ ದಿನ ಒಂದು ಕಡೆ ಗಿರಿಜಮ್ಮ ಮತ್ತು ಶೈಲಾಳ ಬೇಸ್‌ಬಾಲ್ ತಂಡದ ಹುಡುಗಿಯರು "ಇಲ್ಲಿ ಬರ್ರೀ ಅಜ್ಜಿ" ಎಂದು ಜಾಗ ಹಿಡಿದಿದ್ದರು. ಇನ್ನೊಂದು ಕಡೆ ನಿಮ್ಮ ಅಪ್ಪ ಕೈ ಬೀಸುತ್ತಿದ್ದ. ನಾನು ಕುರ್ಚಿಯನ್ನು ಮೈದಾನದ ಮಧ್ಯದ ಗೆರೆಯ ಹತ್ತಿರ ಹಾಕಿಸಿಕೊಂಡೆ. ಅರ್ಧ ಆಟವಾದ ಮೇಲೆ ಎರಡೂ ತಂಡದವರು ಬದಿ ಬದಲಿಸಿದರು. ನಾನು ಕದಲುವ ಪ್ರಸಂಗವೇ ಬರಲಿಲ್ಲ. ಚೈತ್ರಾ ಗೋಲು ಹೊಡೆದಾಗ ಎದ್ದು ನಿಂತೆ. ಇಲ್ಲಿನ ಹುಡುಗಿಯರು ಹೊಡೆದಾಗಲೂ, ನಾಚಿಕೆಯಿಲ್ಲದೆ, ಎದ್ದು ನಿಂತೆ.

ಈ ಸಲ ತಪ್ಪಬಾರದೆಂದು ಲೆಕ್ಕವನ್ನೇ ಮೊದಲ ಸಾಲಿನಲ್ಲಿ ಬರೆದು ಶೈಲಾಗೆ ತೋರಿಸಿದೆ: "ನಮ್ಮವರು ಎರಡು, ನಮ್ಮವರು ಒಂದು."

ಅವಳು ಓದಿ, ಹಾಳೆಯನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿದಳು.

"ಅವ್ವಾ, ಗೆದ್ದೋರು ಯಾರು ಅಂತ ಈಗ್ಲೂ ಬರ್ದಿಲ್ಲ ನೀನು!"