ಸಾಬ್ರದ್ದು ಅನುಭವ, ನಂದು ಅಡ್ಡಗಾಲು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಾನೂ ಬಾಷಾ ಸಾಬ್ರೂ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು. ಇಬ್ಬರೂ ಮಾಡುವುದು ಒಂದೇ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಸದ್ದು ಮಾಡುತ್ತದೋ ಇಲ್ಲವೋ ಕೇಳುತ್ತೇವೆ; ಸದ್ದಿಲ್ಲದಿದ್ದರೆ ಗೂಡು ಕೆಟ್ಟಿದೆ, ಎಳೆ ಸರಿಯಾಗಿ ಬಿಚ್ಚುವುದಿಲ್ಲ ಅಂತ ಲೆಕ್ಕ. ಅವರು ಮುಖ ಸಿಂಡರಿಸಿದರೆ ರೈತರು "ಅನುಭವಸ್ಥರು" ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ನಗರಗೆರೆ ಕಡೆಯ ಹಿರಿಯ ರೈತರೊಬ್ಬರ ಗೂಡು ಅಲ್ಲಾಡಿಸಿದೆ. ಸದ್ದೇ ಇಲ್ಲ.

"ಹುಳ ಒಳಗೇ ಕರಗಿದೆ ಯಜಮಾನ್ರೇ," ಅಂದೆ.

"ಬೆಳಗ್ಗೆ ಬೆಳಗ್ಗೆ ಅಡ್ಡಗಾಲು ಹಾಕ್ಬೇಡಪ್ಪ!"

"ಪಕ್ಕದವರ ಗೂಡಿಗೆ ಸಾಬ್ರೂ ಇದೇ ಮಾತು ಅಂದ್ರಲ್ಲ, ಅದು ಅಡ್ಡಗಾಲಲ್ವಾ?"

"ಅವರು ತಪ್ಪು ಹುಡುಕಿದ್ರೂ ಕೊನೇಗೆ ತಗೊಳ್ತಾರಪ್ಪ. ನೀನು ತಪ್ಪು ಹುಡುಕಿ ಮುಂದಕ್ಕೆ ಹೋಗ್ತೀಯ. ಅದಕ್ಕೇ ಅಡ್ಡಗಾಲು ಅನ್ನೋದು."

ಮೈಯೆಲ್ಲ ಉರಿದುಹೋಯಿತು. ಹಟಕ್ಕೆ ಬಿದ್ದು ಹರಾಜಿನಲ್ಲಿ ಆ ಗೂಡನ್ನೇ ಕೊಂಡೆ. ತೂಕ ಹಾಕುವಾಗ ಯಜಮಾನ್ರು ಪಕ್ಕದವರಿಗೆ, "ಇವನೂ ಅನುಭವಸ್ಥನೇ ಕಣೋ," ಅಂದರು. ನಾನು ಎದೆಯುಬ್ಬಿಸಿ ಬಾಷಾ ಸಾಬ್ರ ಕಡೆ ನೋಡಿದೆ. ಅವರು ನಕ್ಕು ಕೈಯೆತ್ತಿದರು.

ಮಾರನೇ ದಿನ ಬಿಸಿನೀರಿನ ತೊಟ್ಟಿಯಲ್ಲಿ ಆ ಗೂಡಿನ ಎಳೆ ಮಾರಿಗೊಮ್ಮೆ ತುಂಡಾಗುತ್ತಿತ್ತು. ಅಷ್ಟು ದೊಡ್ಡ ಮಾರುಕಟ್ಟೆಯಲ್ಲಿ ಒಬ್ಬರಾದರೂ ನನಗೆ ಅಡ್ಡಗಾಲು ಹಾಕಬಾರದಿತ್ತೇ!