ನಾಲ್ಕನೆಯ ಭಾಗ ಭಾವನಿಗೆ ಹಿಡಿಸಲಿಲ್ಲ

ಮೈಸೂರಿನ ಕಣ್ಣಿನ ಡಾಕ್ಟರು ಭಾವನ ಮುಖದ ಮೇಲಿಂದ ಟಾರ್ಚು ತೆಗೆದು, "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು. "ಎರಡು ತಿಂಗ್ಳಾಯ್ತು ಸಾರ್" ಎಂದರು ಭಾವ. ಪಕ್ಕದಲ್ಲಿ ಕೂತಿದ್ದ ಅಕ್ಕ ಹೌದೆಂದು ತಲೆಯಾಡಿಸಿದಳು. ಎಡಗಣ್ಣು ಹೆಚ್ಚುಕಡಿಮೆ ಹೋದಂತೆಯೇ ಎಂದು ಪಿರಿಯಾಪಟ್ಟಣದಲ್ಲೇ ಹೇಳಿ ಕಳಿಸಿದ್ದರು; ಬಲಗಣ್ಣಾದರೂ ಉಳಿದೀತೇ ಎಂದು ಕೇಳಲು ನಾವು ಬಂದಿದ್ದೆವು. ಹಿಂದೆ ನಿಂತಿದ್ದ ನಾನು ಮನಸ್ಸಿನಲ್ಲೇ ಒಂದು ವಿಡಿಯೋ ಗೇಮಿನ ಭಾಗಗಳನ್ನು ಎಣಿಸುತ್ತಿದ್ದೆ. ಅದರ ನಾಲ್ಕನೆಯ ಭಾಗ ಭಾವನಿಗೆ ಹಿಡಿಸದೆ ಹೋಗಿ ಎರಡು ವರ್ಷದ ಮೇಲಾಗಿತ್ತು.

ಭಾವ ನನ್ನ ದೊಡ್ಡಕ್ಕನ ಗಂಡ. ಹನಗೋಡಿನ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಹದಮಾಡುವ ಬ್ಯಾರನ್ ಗೂಡಿನ ಕಾವಿನಲ್ಲಿ ಬೆಂದು ಹೊರಬಂದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವುದರಲ್ಲಿ ನಮ್ಮ ಕಡೆ ಅವರನ್ನು ಮೀರಿಸಿದವರಿಲ್ಲ. ನಮಗೆ ಮೂರು ಬಣ್ಣ ಕಂಡರೆ ಅವರಿಗೆ ಹತ್ತು ಕಾಣುತ್ತಿತ್ತು. ಅಕ್ಕಪಕ್ಕದ ಊರಿನವರು ಸಹ ತಮ್ಮ ಸೊಪ್ಪು ವಿಂಗಡಿಸಲು ಅವರನ್ನು ಕರೆದೊಯ್ಯುತ್ತಿದ್ದರು, ಅದು ಅವರಿಗೆ ದೊಡ್ಡ ಹೆಮ್ಮೆ. ಇನ್ನು ನಾನು, ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಾದ ಶುರು ಮಾಡಿದರೆ ಎದುರಿಗಿದ್ದವರು ಸುಸ್ತಾಗಿ ಎದ್ದು ಹೋಗಬೇಕು, ಅಲ್ಲಿಯ ತನಕ ಬಿಡುವವನಲ್ಲ. ನೆಂಟರಲ್ಲಿ ನನ್ನ ಜೊತೆ ಸಮಸಮಕ್ಕೆ ಜಗಳಕ್ಕೆ ನಿಲ್ಲುತ್ತಿದ್ದವರು ಭಾವ ಒಬ್ಬರೇ.

ಸೊಪ್ಪಿನ ಕೆಲಸ ಮುಗಿದ ಬೇಸಗೆಯ ಭಾನುವಾರಗಳಲ್ಲಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದು ನಡುಮನೆಯಲ್ಲಿ ಕೂಡಿಸಿದ್ದೆ. ಬಾಂಬು ಬಿದ್ದು ಲೋಕವೆಲ್ಲ ಸುಟ್ಟುಹೋದ ಮೇಲೆ ಉಳಿದವರು ಹೇಗೆ ಬಾಳುತ್ತಾರೆ ಎಂಬುದೇ ಆ ಗೇಮು. ಮೊದಲ ಎರಡು ಭಾಗಗಳಲ್ಲಿ ಎಲ್ಲವನ್ನೂ ಮೇಲಿನಿಂದ ನೋಡಬೇಕು, ಮನುಷ್ಯರು ಹೆಬ್ಬೆರಳಿನಷ್ಟಿರುತ್ತಾರೆ. ನಾವು ಒಂದು ಏಟು ಹಾಕಿದರೆ ಶತ್ರು ತನ್ನ ಸರದಿ ಬರುವ ತನಕ ಸುಮ್ಮನೆ ನಿಂತಿರುತ್ತಾನೆ. ನೋಡುವುದಕ್ಕಿಂತ ಓದುವುದೇ ಹೆಚ್ಚು. ಪಿಯುಸಿಯವರೆಗೆ ಓದಿದ್ದ ಭಾವ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಎರಡನ್ನೂ ಮುಗಿಸಿದರು.

ಮೂರನೆಯ ಭಾಗದಲ್ಲಿ ಲೋಕ ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದು ಬಂತು. ಪಾಳು ಬಿದ್ದ ಪಟ್ಟಣದೊಳಗೆ ನಾವೇ ನಡೆದಂತೆ. ಭಾವ ಮಗುವಿನಷ್ಟು ಖುಷಿಪಟ್ಟಿದ್ದರು. ನನಗೆ ಏನೂ ತೋಚುವ ಮೊದಲೇ, "ಅಲ್ನೋಡ್ಲಾ, ಆ ಮುರ್ದೋಗಿರೋ ಸೇತುವೆ ಕೆಳ್ಗೆ ಯಾರೋ ಕುಂತವ್ರೆ" ಎನ್ನುತ್ತಿದ್ದರು. ಹೋಗಿ ನೋಡಿದರೆ ನಿಜಕ್ಕೂ ಯಾರೋ ಕೂತಿರುತ್ತಿದ್ದರು.

ನಾಲ್ಕನೆಯದು ಬಂದಾಗ ನಾನು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೇ ಹಾಕಿಕೊಟ್ಟೆ. ನನಗೆ ಅದರ ಹುಚ್ಚು ಹಿಡಿದಿತ್ತು. ಸುಟ್ಟ ನೆಲದ ಮೇಲೆ ನಾವೇ ಮನೆ ಕಟ್ಟಿ, ನೀರು ತರಿಸಿ, ಅಲೆಯುವವರನ್ನು ಕರೆದು ಕೂಡಿಸಬಹುದು. ಭಾವ ಮಾತ್ರ ಮೊದಲ ಬೀದಿಯಲ್ಲೇ ಮತ್ತೆ ಮತ್ತೆ ಸತ್ತರು. ಮೂರನೆಯ ಭಾನುವಾರ ಮೌಸನ್ನು ಪಕ್ಕಕ್ಕೆ ತಳ್ಳಿದರು.

"ಚೆನ್ನಾಗಿಲ್ಲ ಕಣ್ಲಾ ಇದು. ಬರೀ ಮಬ್ಬು. ಬಂದೋನು ಯಾರು ಅಂತ ಗೊತ್ತಾಗೋದ್ರೊಳ್ಗೆ ಸತ್ತೋಗಿರ್ತೀನಿ. ಎರಡ್ನೇದೇ ಸರಿ."

"ಎರಡನೇದ್ರಲ್ಲಿ ಏನೈತೆ ಬಾವ? ಇರುವೆ ಸಾಲು ನೋಡ್ದಂಗೆ ಆಯ್ತದೆ. ಇದ್ರಲ್ಲಿ ಊರೇ ಕಟ್ಬೋದು!"

"ಮನೆ, ಕೊಟ್ಗೆ ಕಟ್ಟಾದು ನಂಗೆ ದಿನಾ ಇದ್ದದ್ದೇ. ಎರಡ್ನೇದ್ರಲ್ಲಿ ಮಾತೈತೆ. ಒಬ್ಬನ್ನ ಕೊಲ್ಲೋಕ್ ಮುಂಚೆ ಹತ್ತು ಸಲ ಯೋಚ್ನೆ ಮಾಡಕ್ಕೆ ಬುಡ್ತದೆ. ನಿನ್ ನಾಲ್ಕ್ನೇದು ಯೋಚ್ನೆ ಮಾಡಕ್ಕೆ ಬುಡ್ತದಾ?"

ಸುಳ್ಳೇಕೆ ಹೇಳಲಿ, ಆ ಮಾತಿನಲ್ಲಿ ಸತ್ಯವಿತ್ತು. ನಾಲ್ಕನೆಯದರಲ್ಲಿ ಯಾರು ಏನೇ ಕೇಳಲಿ, ನಾವು ಹೇಳಬಹುದಾದ ಉತ್ತರ ಮೂರೋ ನಾಲ್ಕೋ ಚುಟುಕು ಮಾತು, ಹೆಚ್ಚಿನವು ಒಂದೇ ಅರ್ಥದವು. ಹಳೆಯದರಲ್ಲಿ ಒಬ್ಬ ಮುದುಕಿಯ ಜೊತೆ ಮಾತಿಗೆ ಕೂತರೆ ಆ ಊರು ಹೇಗೆ ಹಾಳಾಯಿತೆಂದು ಪೂರ್ತಿ ತಿಳಿಯುತ್ತಿತ್ತು. ಅವರ ವಾದ ಗಟ್ಟಿಯಾಗಿದ್ದುದಕ್ಕೇ ನನಗೆ ಇನ್ನಷ್ಟು ಉರಿ ಹತ್ತಿತು. "ವಯಸ್ಸಾಯ್ತು ನಿಮ್ಗೆ, ಹೊಸದು ತಲೆಗೆ ಹತ್ತಲ್ಲ" ಎಂದು ಬಾಯಿಗೆ ಬಂದಂತೆ ಅಂದೆ. ಅವರು ನಕ್ಕು ಎರಡನೆಯ ಭಾಗ ಹಾಕಿಸಿದರು. ಆ ದಿನದಿಂದ, "ನನ್ನಿಂಗ್ಲಿಷು ಅಷ್ಟಕ್ಕಷ್ಟೆ, ನೀನೇ ಓದ್ಲಾ" ಎಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೂರತೊಡಗಿದರು. ಅದೇ ಸಾಲುಗಳನ್ನು ಹಿಂದೆ ತಾವೇ ಓದಿದ್ದರು. "ಎಲ್ಲಾ ಮರ್ತ್ಬುಟ್ರಾ?" ಎಂದು ಹಂಗಿಸಿ ನಾನು ಓದಿದೆ. ಎರಡು ಬೇಸಗೆ ಹೀಗೇ ಓದಿದೆ, ಹೀಗೇ ಹಂಗಿಸಿದೆ.

ಈ ಸಲ ಹರಾಜಿಗೆ ಹೋದ ಅವರ ಬೇಲು, ಅಂದರೆ ವಿಂಗಡಿಸಿ ಕಟ್ಟಿದ ಸೊಪ್ಪಿನ ಹೊರೆ, ಹಿಂದಕ್ಕೆ ಬಂತು. ಬಿಚ್ಚಿ ನೋಡಿದರೆ ಹಳದಿ ಎಲೆಯ ನಡುವೆ ಕಂದು ಎಲೆ, ಹಸುರು ಮಚ್ಚೆಯ ಎಲೆ, ಎಲ್ಲ ಕಲಸಿಹೋಗಿತ್ತು. ಭಾವನ ಬೇಲು ಹಾಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅಕ್ಕ ಮಾರನೆಯ ದಿನ ಅವರ ಎದುರಿಗೇ ಕೂತು ನೋಡಿದಳು. ಅವರು ಎಲೆಯನ್ನು ಬೆರಳಿನಿಂದ ಸವರಿ, ಮೂಗಿಗೆ ಹಿಡಿದು, ಅಂದಾಜಿನಲ್ಲಿ ಹಾಕುತ್ತಿದ್ದರಂತೆ. ಅಕ್ಕ ಎರಡು ಎಲೆ ಎತ್ತಿ ಹಿಡಿದು ಯಾವುದು ಯಾವುದೆಂದು ಕೇಳಿದಾಗ ತಲೆ ತಗ್ಗಿಸಿದರಂತೆ. ನನಗೆ ಫೋನು ಮಾಡಿ ಅಳುತ್ತ, "ಬೇಗ ಬಾರೋ, ನಿಮ್ ಬಾವಂಗೆ ಏನೋ ಆಗೈತೆ" ಎಂದಳು.

ಮೈಸೂರಿನಲ್ಲಿ ಸ್ಕ್ಯಾನು ನೋಡಿದ ಡಾಕ್ಟರು, "ಇದು ಎರಡು ತಿಂಗಳದ್ದಲ್ಲ. ಸಕ್ಕರೆ ಕಾಯಿಲೆಯಿಂದ ಒಳಗೆ ರಕ್ತ ಒಸರಿ ವರ್ಷಗಳೇ ಆಗಿವೆ. ಆಗಲೇ ಬಂದಿದ್ದರೆ ಎಡಗಣ್ಣನ್ನೂ ಉಳಿಸಬಹುದಿತ್ತು" ಎಂದರು. ಬಲಗಣ್ಣಿಗೆ ಲೇಸರು, ಇಂಜೆಕ್ಷನ್ನು ಆದವು. ಈಗ ಎದುರಿಗಿದ್ದವರ ಗುರುತು ಹತ್ತುತ್ತದೆ, ಹಾದಿ ಕಾಣುತ್ತದೆ, ಎಲೆಯ ಬಣ್ಣ ಮಾತ್ರ ತಿಳಿಯುವುದಿಲ್ಲ. ಅಕ್ಕನೇ ಸೊಪ್ಪು ವಿಂಗಡಿಸುತ್ತಾಳೆ.

ಅಷ್ಟು ದಿನವೂ ನನಗೆ ಊಟ ರುಚಿಸುತ್ತಿರಲಿಲ್ಲ. ಡಾಕ್ಟರಿಗೆ, ಅಕ್ಕನಿಗೆ ಗೊತ್ತಿಲ್ಲದ್ದು ನನ್ನ ಎದುರಿಗೇ ನಡೆದಿತ್ತು. ಮೂರನೆಯ ಭಾಗದಲ್ಲಿ ಸೇತುವೆ ಕೆಳಗಿನವನನ್ನು ಕಂಡವರು ನಾಲ್ಕನೆಯದರಲ್ಲಿ ಕಾಲಬುಡಕ್ಕೆ ಬಂದವನನ್ನು ಕಾಣಲಿಲ್ಲ. ಯಾವ ಭಾಗ ಹೆಚ್ಚು, ಯಾವುದು ಕಡಿಮೆ ಎಂದು ಕಿರುಚಾಡುತ್ತಿದ್ದ ನನಗೆ ಅಷ್ಟು ಹೊಳೆಯಲಿಲ್ಲವೇ ಎಂದು ನನ್ನ ಮೇಲೇ ಅಸಹ್ಯವಾಗುತ್ತಿತ್ತು. ಮೊನ್ನೆ ಭಾನುವಾರ ಎರಡನೆಯ ಭಾಗವನ್ನು ಅವರಿಗೆ ಓದಿ ಹೇಳುತ್ತಿದ್ದವನು ತಡೆಯಲಾರದೆ ನಿಲ್ಲಿಸಿದೆ.

"ನಾನು ಆಗ್ಲೇ ತಿಳ್ಕೊಬೇಕಾಗಿತ್ತು ಬಾವ. ತಪ್ಪು ನಂದು. ಕೈಮುಗೀತೀನಿ, ಕ್ಷಮಿಸ್ಬುಡಿ."

"ಸುಮ್ಕಿರ್ಲಾ" ಎಂದರು ಭಾವ. "ಕಣ್ಣು ಮಂಜಾಗ್ತಿರಾದು ನಂಗೆ ಆಗ್ಲೇ ಗೊತ್ತಿತ್ತು. ನಿಮ್ಗೆಲ್ಲ ಗೊತ್ತಾದ್ರೆ ಸೊಪ್ಪು ಮುಟ್ಟಾಕೆ ಬುಡಾಕಿಲ್ಲ ಅಂತ ಬಾಯಿ ಬುಡ್ಲಿಲ್ಲ. ನಿಮ್ಮಕ್ಕ ಮುಖ ನೋಡ್ಕಂಡ್ ಮಾತಾಡ್ತಾಳೆ, ಸಿಕ್ಕಾಕಂಬುಡ್ತೀನಿ ಅಂತ ಅವ್ಳೆದ್ರಿಗೆ ಕೂರಾಕೇ ಎದ್ರುಕೆ ನಂಗೆ. ನಿನ್ ಜೊತೆ ಆ ಎದ್ರುಕೆ ಇರ್ಲಿಲ್ಲ ಬುಡು. ನೀನು ವಾದ ಶುರು ಅಚ್ಚುದ್ರೆ ನನ್ ಮುಖಾನೇ ನೋಡಾಕಿಲ್ವಲ್ಲ."

ಅದನ್ನು ಅವರು ಬೇಸರದಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮುಂದಕ್ಕೆ ಓದು ಎಂಬಂತೆ ಕೈ ಆಡಿಸಿದರು. ಅಕ್ಕನ ಮದುವೆಯಾದಾಗಿನಿಂದ ಭಾವ ಆಡಿದ ಮಾತಿಗೆ ನಾನು ಎದುರು ಮಾತಾಡದೆ ಕೂತದ್ದು ಅದೇ ಮೊದಲು.