ಹಂಸದ ನಡುವೆ ಆಮೆ

ಕಳೆದ ವಾರ ಕಚೇರಿಯಲ್ಲಿ ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ, ಎಂಟರ್ ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ ಕೂತಿದ್ದೆ. ನಿವೃತ್ತಿಯಾದ ಮೇಲೂ ಕರೆದರೆಂದು ಹೋಗುವವಳು ನಾನು. ಯಾಕಾದರೂ ಕರೆದೆವೋ ಎಂದು ಅವರಿಗೆ ಹಿಂದಿನ ದಿನ ಅನ್ನಿಸಿತ್ತು. ಪ್ರೋಗ್ರಾಮಿನಲ್ಲಿ ನಾನು ಮಾಡಿದ ಒಂದು ಸಣ್ಣ ಸುಧಾರಣೆ ಎಲ್ಲರ ಕೆಲಸವನ್ನೂ ನಿಲ್ಲಿಸಿತ್ತು. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ನೆನಪಿಟ್ಟುಕೊಳ್ಳುವ ಗಿಟ್ ಎಂಬ ವ್ಯವಸ್ಥೆಯೊಂದಿದೆ. ಅದರಲ್ಲಿ ನನ್ನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದ ಮೇಜಿನ ಶ್ವೇತಾ ಕರುಣೆಯಿಂದ ಹೇಳಿದಳು: "ಮೇಡಂ, ಆ ಎಂಟ್ರಿನೇ ಅಳಿಸಿಬಿಡೋಣ. ಒಂದೇ ಕಮಾಂಡ್. ಯಾರಿಗೂ ಗೊತ್ತಾಗಲ್ಲ."

ಕಮಾಂಡ್ ಟೈಪಾಗಿತ್ತು, ಎಂಟರ್ ಒಂದೇ ಬಾಕಿ. ಅಷ್ಟರಲ್ಲಿ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಕಂಪ್ಯೂಟರನ್ನು ಕಂಡವರಲ್ಲ. ಅರವತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಅವರ ಮನೆಯಲ್ಲಿದ್ದುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಮಗ್ಗದ ಮೇಲುಗಡೆ ಜಕಾರ್ಡ್ ಎಂಬ ಯಂತ್ರ, ಅದರಿಂದ ಇಳಿಬಿದ್ದ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇಷ್ಟು ಮಾತ್ರ ಗೊತ್ತಿದ್ದ ಆ ರಟ್ಟುಗಳು ಸೀರೆಯ ಅಂಚಿನ ತುಂಬ ಹಂಸ, ಮಾವಿನಕಾಯಿಗಳನ್ನು ಮೂಡಿಸುತ್ತಿದ್ದವು. ಮುಂದೆ ಕಂಪ್ಯೂಟರ್ ಕಲಿಯಲು ಹೋದಾಗ ಮೇಷ್ಟ್ರು ಇದನ್ನೇ ಬಹಳ ಕಷ್ಟಪಟ್ಟು ವಿವರಿಸಿದರು. ನಾನು ಗೌರವದಿಂದ ಕೇಳಿಸಿಕೊಂಡೆ.

ರಟ್ಟಿನ ಉಸ್ತುವಾರಿ ದೊಡ್ಡಮ್ಮನದು. ಮಾಲೆಯೊಂದು ಮಗ್ಗಕ್ಕೆ ಏರುವ ಮುಂಚೆ ಅದರಂಥದ್ದೇ ಜೋಡಿಯೊಂದು ತೊಲೆಯಲ್ಲಿ ನೇತಾಡಬೇಕು. ಏನು ಬದಲಾಗಿದೆ, ಯಾಕೆ ಬದಲಾಗಿದೆ ಎಂಬ ಚೀಟಿ ಅದಕ್ಕಿರಬೇಕು. ದೊಡ್ಡಪ್ಪ ಒಮ್ಮೆ 'ಹೊಸದು' ಎಂದಷ್ಟೇ ಬರೆದು ಕಟ್ಟಿದ್ದಕ್ಕೆ, "ನಾಳೆ ಇದೂ ಹಳೇದಾಗುತ್ತಲ್ರೀ, ಆಗೇನಂತ ಬರೀತೀರ?" ಎಂದು ಕೇಳಿದ್ದಳು. ನನ್ನ ಕಂಪ್ಯೂಟರಿನಲ್ಲಿ 'ಕೊನೆಯದು', 'ಕೊನೆಯದು ಹೊಸದು', 'ಇದೇ ಕೊನೆ' ಎಂಬ ಮೂರು ಫೈಲುಗಳು ಬಹುಕಾಲ ಒಟ್ಟಿಗೆ ಸಂಸಾರ ಮಾಡಿದವು. ಸದ್ಯ, ಅದನ್ನು ನೋಡಲು ಅವಳಿರಲಿಲ್ಲ.

ಪ್ರಯೋಗ ಮಾಡುವ ಆಸೆಯಾದರೆ ಹಿತ್ತಿಲ ಕೋಣೆಯ ಹಳೇ ಮಗ್ಗವಿತ್ತು, ಹತ್ತಿ ನೂಲಿತ್ತು. ಅಲ್ಲಿ ಸರಿಬಂದರೆ ಮಾತ್ರ ರೇಷ್ಮೆಗೆ. ಇನ್ನೊಂದು ನಿಯಮ ಕನ್ನಡಿಯದು. ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವನಿಗೆ ಕಾಣುವುದು ಬೆನ್ನು. ಅಡಿಯಲ್ಲಿ ಕನ್ನಡಿ ಹಿಡಿದು ನೋಡಿದ ಮೇಲೇ ನೇಯ್ದದ್ದನ್ನು ಸುತ್ತಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಇದನ್ನೇ ಇಂಗ್ಲಿಷಿನಲ್ಲಿ ಹೇಳಿಕೊಡುತ್ತೇನೆ. ಬದಲಿಸುವ ಮುಂಚೆ ಉಳಿಸಿಕೊಳ್ಳಿ, ಪ್ರಯೋಗ ಬೇರೆ ಕವಲಿನಲ್ಲಿ, ಅಂದರೆ ಪ್ರತ್ಯೇಕ ಪ್ರತಿಯಲ್ಲಿ, ಇರಲಿ, ಒಪ್ಪಿಸುವ ಮುಂಚೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಓದಿ. ಫೈಲುಗಳನ್ನು ಅಳಿಸುವ ಕಮಾಂಡ್ ಕೊಡುವ ಮೊದಲು ಅದೇ ಹೆಸರುಗಳನ್ನು ಪಟ್ಟಿ ಮಾಡಿಸಿ ನೋಡಿ, ಯಾಕೆಂದರೆ ಕಪ್ಪು ಪರದೆ ವಿಧೇಯ ಸೇವಕ, ಮನೆಗೆ ಬೆಂಕಿ ಹಚ್ಚು ಅಂದರೂ ಯಾಕೆ ಅನ್ನುವುದಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ದೊಡ್ಡಪ್ಪನೂ ತಲೆಯಾಡಿಸುತ್ತಿದ್ದರು.

ದೊಡ್ಡಪ್ಪನ ಮಗಳು ಸರೋಜಳ ಮದುವೆ ದೇವನಹಳ್ಳಿ ಕಡೆಗೆ ಗೊತ್ತಾಯಿತು. ಬೀಗರೂ ಮಗ್ಗದವರೇ. ಹೆಣ್ಣಿನ ಧಾರೆ ಸೀರೆ ತವರಿನ ಮಗ್ಗದಲ್ಲೇ ಆಗಬೇಕು, ಮದುವೆಯ ಹಿಂದಿನ ದಿನ ಅದನ್ನು ಬೀಗರ ಮುಂದೆ ಬಿಚ್ಚಿ ಹರಡಬೇಕು. ಊರವರಿಗೆಲ್ಲ ನೇಯ್ದಿದ್ದ ದೊಡ್ಡಪ್ಪನಿಗೆ ಮಗಳಿಗೆಂದು ನೇಯುವ ಸೀರೆ ಇದೊಂದೇ. ಇನ್ನೊಬ್ಬರ ಮೈಮೇಲೆ ಇರದಂಥದ್ದು ಇದಾಗಬೇಕೆಂದು ಅವರ ಜೀವ ಹಂಬಲಿಸುತ್ತಿತ್ತು.

ಅಂಚಿನಲ್ಲಿ ಹಂಸಗಳ ಸಾಲು ಅರ್ಧ ಸೀರೆಯವರೆಗೆ ಚೆನ್ನಾಗಿಯೇ ನಡೆದು ಬಂದಿತ್ತು. ದೊಡ್ಡಮ್ಮ ನೆಂಟರನ್ನು ಕರೆಯಲು ಹೊಸಕೋಟೆ ಕಡೆಗೆ ಹೋದಳು. ದೊಡ್ಡಪ್ಪ ಹಂಸದ ಕೊಕ್ಕಿಗೊಂದು ಹೂ ಕೊಡಲು ಹೊರಟರು. ಮದುವೆಯ ಗಡಿಬಿಡಿಯಲ್ಲಿ ಆ ಮಾಲೆಗೆ ಮಾತ್ರ ಜೋಡಿ ತಯಾರಾಗಿರಲಿಲ್ಲ. ಅವರು ಕೊಕ್ಕಿನ ಪಕ್ಕದ ಕುತ್ತಿಗೆಯ ರಟ್ಟುಗಳ ಮೇಲೇ ಹೂವಿನ ತೂತು ಹೊಡೆದರು. ಕನ್ನಡಿ ಹಿಡಿಯಲಿಲ್ಲ. ಇಷ್ಟು ವರ್ಷ ನೇಯ್ದವನಿಗೆ ಕನ್ನಡಿ ಬೇರೆ ಕೇಡು ಎಂದುಕೊಂಡು ಮೊಳಗಟ್ಟಲೆ ನೇಯ್ದರು.

ದೊಡ್ಡಮ್ಮ ಬಂದವಳು ಕೈಕಾಲು ತೊಳೆದು ಕನ್ನಡಿ ಹಿಡಿದಳು. ಬಹಳ ಹೊತ್ತು ನೋಡಿದಳು.

"ಏನ್ರೀ ಇದು?"

"ಹೂವು."

"ಹೂವಲ್ಲ. ಆಮೆ."

ಹೂವು ಕುತ್ತಿಗೆಯನ್ನು ನುಂಗಿ ಚಿಪ್ಪಿನಂತೆ ದುಂಡಗಾಗಿತ್ತು. ಅದರಾಚೆ ತಲೆಯೊಂದು ಇಣುಕುತ್ತಿತ್ತು. ಇಂಥ ಆಮೆಗಳು ಸಾಲಾಗಿ ಹಂಸಗಳ ಹಿಂದೆ ಹೊರಟಿದ್ದವು. ದೊಡ್ಡಪ್ಪ ನೇಯ್ದದ್ದನ್ನು ಬಿಚ್ಚಲು ಕೂತರು. ಜರಿಯ ಜೊತೆ ಹಾಸಿನ ಎಳೆಗಳೂ ಕಿತ್ತು ಬರತೊಡಗಿದವು. ಸರೋಜ ಬಂದು ಅವರ ಕೈ ಹಿಡಿದುಕೊಂಡಳು.

"ಸಾಕು ಬಿಡಪ್ಪ. ಬಿಚ್ಚಕ್ಕೋದ್ರೆ ಇರೋದೂ ಕಿತ್ತೋಗುತ್ತೆ."

ದೊಡ್ಡಮ್ಮ ಸೀರೆಯಲ್ಲಿದ್ದ ಒಳ್ಳೆಯ ಹಂಸವೊಂದರ ಎಳೆಗಳನ್ನು ಎಣಿಸಿ, ಅದನ್ನೇ ನೋಡಿಕೊಂಡು ಹೊಸ ರಟ್ಟು ಹೊಡೆದಳು. ಸೀರೆ ಮುಗಿಯಿತು. ಮೊದಲು ಹಂಸ, ನಡುವೆ ಆಮೆ, ಆಮೇಲೆ ಮತ್ತೆ ಹಂಸ. ಮದುವೆಯ ಹಿಂದಿನ ದಿನ ಆಮೆಗಳು ಒಳಗೆ ಹೋಗುವಂತೆ ಮಡಚಿ ತಟ್ಟೆಯಲ್ಲಿಟ್ಟರು. ಬೀಗಿತ್ತಿ ಮಗ್ಗದ ಮನೆಯ ಹೆಂಗಸು, ಮಡಿಕೆ ನೋಡಿ ಮೋಸಹೋಗುವವರಲ್ಲ. ಪೂರ್ತಿ ಬಿಡಿಸಿದರು.

"ಇದೇನಮ್ಮ, ಹಂಸದ ಮಧ್ಯೆ ಆಮೆ ಬಂದ್ಬಿಟ್ಟಿದೆ?"

ಚಾವಡಿಯಲ್ಲಿದ್ದವರೆಲ್ಲ ಸೀರೆಯತ್ತ ನೋಡಿದರು. ದೊಡ್ಡಪ್ಪ ಕಂಬದ ಹಿಂದಕ್ಕೆ ಸರಿದರು. ಇಷ್ಟು ವರ್ಷ ತಲೆಯೆತ್ತಿ ಬಾಳಿದ ಮನುಷ್ಯ ಅಷ್ಟು ಚಿಕ್ಕದಾದದ್ದನ್ನು ನಾನು ನೋಡಲಾರದೆ ಹೋದೆ. ಮದುವಣಗಿತ್ತಿ ಬಾಯಿ ಬಿಡುವ ಕಾಲವಲ್ಲ ಅದು, ಆದರೂ ಸರೋಜ ಹೇಳಿದಳು:

"ಹಂಸ ಯಾರ್ ಬೇಕಾದ್ರೂ ನೇಯ್ತಾರೆ ಅತ್ತೆ. ಆಮೆ ನಮ್ಮಪ್ಪ ಒಬ್ರೇ ನೇಯ್ದಿರೋದು. ನಂಗೋಸ್ಕರ."

ಬೀಗಿತ್ತಿ ಆಮೆಗಳ ಮೇಲೆ ಒಂದು ಸಲ ಕೈಯಾಡಿಸಿದರು. ಸೀರೆಯನ್ನು ಮತ್ತೆ ಮಡಚಿದರು, ಈ ಸಲ ಆಮೆ ಮೇಲೆ ಬರುವ ಹಾಗೆ. "ನಾಳೆ ಹಿಂಗೇ ಉಡ್ಸಿ, ಎಲ್ಲಾರ್ಗೂ ಕಾಣ್ಲಿ" ಅಂದರು. ಕಂಬದ ಹಿಂದೆ ದೊಡ್ಡಪ್ಪ ಗಟ್ಟಿಯಾಗಿ ಅತ್ತರು.

ಟೈಪಾಗಿದ್ದ ಕಮಾಂಡನ್ನು ಅಕ್ಷರ ಅಕ್ಷರವಾಗಿ ಅಳಿಸಿದೆ. ಹಳೆಯ ಎಂಟ್ರಿಯನ್ನು ಇದ್ದಲ್ಲೇ ಬಿಟ್ಟು, ಪ್ರೋಗ್ರಾಮನ್ನು ಸರಿಪಡಿಸಿ, ಹೊಸ ಎಂಟ್ರಿಯಲ್ಲಿ ಬರೆದೆ: 'ಹಿಂದಿನ ಬದಲಾವಣೆ ನನ್ನದು. ಚೆಂದ ಮಾಡಲು ಹೋಗಿ ಕೆಡಿಸಿದೆ. ಈಗ ಸರಿಮಾಡಿದ್ದೇನೆ.'

"ಇದನ್ನ ಎಲ್ರೂ ಓದ್ತಾರೆ ಮೇಡಂ," ಎಂದಳು ಶ್ವೇತಾ.

"ಓದ್ಲಿ ಬಿಡಮ್ಮ," ಎಂದು ಎಂಟರ್ ಒತ್ತಿದೆ.